ನಿವೇಶನದ ಜಾಹೀರಾತನ್ನು ಬಿಡಿಸಿ ಓದುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನ ಪತ್ರಿಕೆಯ ಜಾಹೀರಾತು ಪುಟದಲ್ಲಿ ಇಂಥದೊಂದು ಸಾಲು ಕಂಡಿತೆನ್ನಿ: ‘ಬೋಗಾದಿ ಹತ್ತಿರ, 30/40, ಪೂರ್ವಾಭಿಮುಖ, ಡಿಸಿ ಕನ್ವರ್ಟೆಡ್, ಮುಡಾ ಅಪ್ರೂವ್ಡ್, ಇಸಿ ಕ್ಲಿಯರ್.’ ಸಾಲಿನ ಲೆಕ್ಕದಲ್ಲಿ ದುಡ್ಡು ತೆರಬೇಕಾದವರು ಅಕ್ಷರ ಉಳಿಸುವುದು ಸಹಜ. ಆದರೆ ನಿವೃತ್ತಿಯ ಹಣ ಹಾಕಿ ಕೊಳ್ಳುವವರು ಆ ಅಕ್ಷರಗಳನ್ನು ಬಿಡಿಸಿ ಓದಲೇಬೇಕು. ಅವುಗಳಲ್ಲಿ ಹೆಚ್ಚಿನವು ಒಂದೊಂದು ದಾಖಲೆಯ ಹೆಸರು. ದಾಖಲೆಯನ್ನು ಕಣ್ಣಾರೆ ಕಾಣುವವರೆಗೆ ಅಕ್ಷರಗಳನ್ನು ನಂಬಿ ಮುಂಗಡ ಕೊಡಬಾರದು ಎಂಬುದೇ ನನ್ನ ಮಾತು.

30/40 ಎಂದರೆ 1,200 ಚದರ ಅಡಿ, ಅದರಲ್ಲಿ ಗೊಂದಲವಿಲ್ಲ. ಡಿಸಿ ಕನ್ವರ್ಷನ್ ಎಂಬುದು ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯಿದೆಯಡಿ ಡಿಸಿ, ಅಂದರೆ ಜಿಲ್ಲಾಧಿಕಾರಿಯಿಂದ ಸಿಗುವ ಭೂಪರಿವರ್ತನೆ ಆದೇಶ. ಅಷ್ಟರಿಂದಲೇ ಹೊಲ ಬಡಾವಣೆಯಾಗುವುದಿಲ್ಲ. ರಸ್ತೆ, ಚರಂಡಿ, ಉದ್ಯಾನಕ್ಕೆ ಜಾಗ ಬಿಟ್ಟ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಪ್ರತ್ಯೇಕವಾಗಿ ಬೇಕು. ‘ಕನ್ವರ್ಷನ್ ಆಗಿದೆಯಲ್ಲ ಸ್ವಾಮಿ’ ಎಂದು ಮಧ್ಯವರ್ತಿ ಮಾತು ಮುಗಿಸಿದರೆ, ‘ನಕ್ಷೆ ಎಲ್ಲಿ?’ ಎಂದು ಕೇಳಿ.

ಇನ್ನು ಮುಡಾ. ಮೈಸೂರಿನ ನಗರಾಭಿವೃದ್ಧಿ ಪ್ರಾಧಿಕಾರವೂ ಮುಡಾ, ಮಂಡ್ಯದ್ದೂ ಮುಡಾ. ಮೈಸೂರಿನದಕ್ಕೆ ಈಗ ಹೊಸ ಕಾಯಿದೆಯಡಿ ಮೈಸೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಡಿಎ ಎಂದು ಹೆಸರಾಗಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ‘ಮುಡಾ ಅಲಾಟೆಡ್’ ಎಂದರೆ ಪ್ರಾಧಿಕಾರ ತಾನೇ ಬಡಾವಣೆ ಮಾಡಿ ಹಂಚಿದ ನಿವೇಶನ. ‘ಮುಡಾ ಅಪ್ರೂವ್ಡ್’ ಎಂದರೆ ಖಾಸಗಿಯವರ ಬಡಾವಣೆಯ ನಕ್ಷೆಗೆ ಸಿಕ್ಕ ಒಪ್ಪಿಗೆ. ಹಳೆಯ ಮೈಸೂರಿಗರು ಇಂದಿಗೂ ಅಭಿಮಾನದಿಂದ ಹೇಳುವ ‘ಸಿಐಟಿಬಿ ಸೈಟು’ ಇವೆರಡಕ್ಕೂ ಹಿಂದಿನದು. 1903ರಲ್ಲಿ ಸ್ಥಾಪನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹಂಚಿದ ನಿವೇಶನಗಳವು.

ಊರ ಹೊರಗೆ ಪಂಚಾಯಿತಿ ವ್ಯಾಪ್ತಿಯ ನಿವೇಶನವಾದರೆ ಪಂಚಾಯಿತಿ ಆಸ್ತಿ ದಾಖಲೆಗಳ ಆನ್‌ಲೈನ್ ವ್ಯವಸ್ಥೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ನ್ನು ಕೇಳಿ. 11ಎ ಇದೆಯೋ 11ಬಿ ಇದೆಯೋ ನೋಡಿಕೊಳ್ಳಿ. ಬಿ ಎಂದಿದ್ದರೆ ಆ ಸ್ವತ್ತು ಅಧಿಕೃತವಲ್ಲ.

ಹೆಚ್ಚು ಜನ ಎಡವುವುದು ಇಸಿಯಲ್ಲಿ. ಇಸಿ ಎಂದರೆ ಋಣಭಾರ ಪ್ರಮಾಣಪತ್ರ. ಉಪನೋಂದಣಾಧಿಕಾರಿ ಕಚೇರಿಯಿಂದ ಬರುತ್ತದೆ. ವ್ಯವಹಾರಗಳು ನಡೆದಿದ್ದರೆ ನಮೂನೆ 15, ಏನೂ ನಡೆದಿಲ್ಲವಾದರೆ ನಮೂನೆ 16. ನೀವು ಕೇಳಿದ ಅವಧಿಯೊಳಗೆ ನೋಂದಣಿಯಾದದ್ದು ಮಾತ್ರ ಅದರಲ್ಲಿ ಕಾಣುತ್ತದೆ. ಐದು ವರ್ಷದ ಇಸಿ ಹಿಡಿದು ‘ಕ್ಲಿಯರ್’ ಎಂದರೆ ಆರನೇ ವರ್ಷದ ಅಡಮಾನ ಯಾರಿಗೆ ಗೊತ್ತಾಗಬೇಕು? ವಕೀಲರು 30 ವರ್ಷದ್ದನ್ನು ತರಿಸಿ ಎನ್ನುವುದು ಸುಮ್ಮನೆ ಅಲ್ಲ. ಅಣ್ಣತಮ್ಮಂದಿರ ನಡುವೆ ಬರೀ ಬಾಯಿಮಾತಿನಲ್ಲಿ ಆದ ಪಾಲು, ನೋಂದಣಿಯಾಗದ ಕರಾರು ಇವು ಎಷ್ಟು ವರ್ಷದ ಇಸಿಯಲ್ಲೂ ಬರುವುದಿಲ್ಲ. ಆದ್ದರಿಂದ ವಂಶವೃಕ್ಷವನ್ನೂ ಕೇಳಿ ಪಡೆಯಿರಿ, ಅಕ್ಕಪಕ್ಕದವರನ್ನೂ ಮಾತನಾಡಿಸಿ.

‘ಜಿಪಿಎ’, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ ಎಂದು ಕಂಡರೆ ಅಲ್ಲಿಯೇ ನಿಲ್ಲಿ. ಅದು ಇನ್ನೊಬ್ಬರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರಪತ್ರ, ಕ್ರಯಪತ್ರವಲ್ಲ. ಬರಿಯ ಜಿಪಿಎ ಮೂಲಕ ಸ್ವತ್ತಿನ ಒಡೆತನ ಬರುವುದಿಲ್ಲ, ನೋಂದಾಯಿತ ಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಕಡಿಮೆ ಬೆಲೆಗೆ ಸಿಗುತ್ತದೆಂದು ಇಂಥದ್ದಕ್ಕೆ ಕೈಹಾಕಿದ ಕುಟುಂಬಗಳ ಪಾಡು ನೋಡಿದರೆ ಸಂಕಟವಾಗುತ್ತದೆ.

ಫ್ಲಾಟ್ ಕೊಳ್ಳುವವರಿಗೆ ‘ಎಸ್‌ಬಿಎ 1,200’ ಎಂಬ ಬರಹ ಎದುರಾಗುತ್ತದೆ. ಸೂಪರ್ ಬಿಲ್ಟ್‌ಅಪ್ ಏರಿಯಾ ಎಂಬ ಈ ಅಳತೆಯಲ್ಲಿ ಮೆಟ್ಟಿಲು, ಲಿಫ್ಟು, ಓಣಿಗಳ ಪಾಲೂ ಸೇರಿರುತ್ತದೆ. ನೀವು ಚಾಪೆ ಹಾಸಿ ಮಲಗುವ ಜಾಗ ಕಾರ್ಪೆಟ್ ಏರಿಯಾ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯಿದೆಯ ಪ್ರಕಾರ ಅದರಲ್ಲಿ ಹೊರಗೋಡೆಯೂ ಬಾಲ್ಕನಿಯೂ ಸೇರುವುದಿಲ್ಲ, ಒಳಗಿನ ಅಡ್ಡಗೋಡೆ ಸೇರುತ್ತದೆ. ಬೆಲೆಯನ್ನು ಈ ಅಳತೆಯಿಂದ ಭಾಗಿಸಿ ನೋಡಿ. ಕಟ್ಟಡ ವಾಸಕ್ಕೆ ಯೋಗ್ಯ ಎನ್ನುವ ಸ್ವಾಧೀನ ಪ್ರಮಾಣಪತ್ರವಾದ ಒಸಿಯನ್ನೂ ಕೇಳಿ.

ರೇರಾದಲ್ಲಿ ನೋಂದಣಿಯಾಗಬೇಕಾದ ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ನಮ್ಮ ರಾಜ್ಯದಲ್ಲಿ ಅದು ‘ಪಿಆರ್‌ಎಂ, ಕೆಎ, ರೇರಾ’ ಎಂದು ಆರಂಭವಾಗುತ್ತದೆ. ಅದನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿದರೆ ಯೋಜನೆಯ ವಿವರಗಳು ತೆರೆದುಕೊಳ್ಳುತ್ತವೆ. ಮೊಬೈಲ್ ಬಳಸಲು ಬಾರದ ಹಿರಿಯರು ಮನೆಯ ಮಕ್ಕಳಿಂದ ತೆಗೆಸಿ ನೋಡಬಹುದು. ಇಂಥ ಯೋಜನೆಗಳಲ್ಲಿ ನೋಂದಾಯಿತ ಮಾರಾಟ ಒಪ್ಪಂದಕ್ಕೆ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವುದನ್ನು ಕಾಯಿದೆ ನಿಷೇಧಿಸಿದೆ. ಹೆಚ್ಚು ಕೇಳಿದರೆ ಕೊಡಬೇಡಿ.

ನಮಸ್ಕಾರ.