ಮೊದಲೇ ಬಂದು ಹೋದ ಎದೆನೋವು

ಕೇಳುಗರಿಗೆ ನಮಸ್ಕಾರ.

ಹೃದಯಾಘಾತ ಆದವರ ಮನೆಯವರನ್ನು ವಿಚಾರಿಸಿದರೆ ಎಷ್ಟೋ ಸಲ ಇದೇ ಮಾತು ಬರುತ್ತದೆ: "ನಿನ್ನೆನೂ ಎದಿ ಹಿಡಿದಂಗ ಆಗಿತ್ರಿ. ಗ್ಯಾಸ್ ಅಂತ ಸೋಡಾ ಕುಡಿದು ಮಲಗಿದ್ರು." ಆ ನಿನ್ನೆಯ ನೋವಿನ ಬಗ್ಗೆ ಇವತ್ತು ಹೇಳಬೇಕು.

ಹೃದಯಾಘಾತಕ್ಕೆ ಮುಂಚಿನ ಒಂದು ದಿನದಲ್ಲಿ ಇಂಥ ನೋವು ಬಂದು ಹೋಗಿದ್ದವರಲ್ಲಿ ಹೃದಯದ ಸ್ನಾಯು ಕಡಿಮೆ ಹಾಳಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆಶ್ಚರ್ಯ ಅಲ್ವಾ? 1986ರಲ್ಲಿ ಅಮೆರಿಕದ ಸಂಶೋಧಕರು ನಾಯಿಗಳ ಹೃದಯದ ಒಂದು ರಕ್ತನಾಳವನ್ನು 5 ನಿಮಿಷ ಮುಚ್ಚಿ ಮತ್ತೆ ತೆರೆದರು. ಹೀಗೆ 4 ಸಲ ಮಾಡಿ, ಆಮೇಲೆ 40 ನಿಮಿಷ ಮುಚ್ಚಿದರು. ನೇರವಾಗಿ 40 ನಿಮಿಷ ಮುಚ್ಚಿದ ನಾಯಿಗಳಿಗೆ ಹೋಲಿಸಿದರೆ, ಇವುಗಳಲ್ಲಿ ಸತ್ತ ಸ್ನಾಯು ಸುಮಾರು ಕಾಲು ಪಾಲು ಮಾತ್ರ! ಸ್ವಲ್ಪ ಹೊತ್ತು ರಕ್ತ ಸಿಗದೆ ಒದ್ದಾಡಿದ ಸ್ನಾಯು ಮುಂದಿನ ಪೆಟ್ಟಿಗೆ ಅಣಿಯಾಗಿತ್ತು. ಇನ್ನು, ನಾಳ ಬಹಳ ದಿನದಿಂದ ಕಿರಿದಾಗಿದ್ದರೆ ಪಕ್ಕದ ಸಣ್ಣ ನಾಳಗಳು ಬೆಳೆದು ಒಂದಿಷ್ಟು ರಕ್ತ ಒಯ್ಯುತ್ತವೆ. ಹೆದ್ದಾರಿ ಬಂದ್ ಆದಾಗ ಸೇಡಂ ಬಸ್ಸು ಹಳ್ಳಿ ದಾರಿ ಹಿಡಿದ ಹಾಗೆ.

ಇದನ್ನು ಕೇಳಿ ಯಾರೂ ಧೈರ್ಯವಾಗಿ ಮನೆಯಲ್ಲಿ ಕೂರಬಾರದು. ಸಕ್ಕರೆ ಕಾಯಿಲೆ ಇದ್ದವರಿಗೆ, ವಯಸ್ಸಾದವರಿಗೆ ಈ ರಕ್ಷಣೆ ಅಷ್ಟಾಗಿ ಸಿಗುವುದಿಲ್ಲ. ಸಿಕ್ಕರೂ ಎರಡು ಮೂರು ದಿನದ ಮಾತು. ವರ್ಷಗಟ್ಟಲೆ ನೋವು ಇದ್ದವರಲ್ಲಿ ಎರಡು ಮೂರು ನಾಳ ಕಟ್ಟಿರುವುದೇ ಜಾಸ್ತಿ. ಅವರಿಗೆ ಮುಂದಿನ ಅಪಾಯವೂ ಹೆಚ್ಚು. ನನ್ನ ಪ್ರಕಾರ ಆ ಮೊದಲ ನೋವಿನ ನಿಜವಾದ ಬೆಲೆ ಬೇರೆ ಇದೆ. ಆಗ ಸ್ನಾಯು ಇನ್ನೂ ಉಳಿದಿರುತ್ತದೆ. ಆಸ್ಪತ್ರೆಗೆ ಬರುವುದಾದರೆ ಆಗಲೇ ಬನ್ನಿ.

ತೊಗರಿ ರಾಶಿ ಮುಗಿಯಲಿ ಅಂತ ಕಾಯಬೇಡಿ. ನಡೆದಾಗ ಎದೆ ಬಿಗಿಯುವುದು, ನೋವು ಕೈಗೋ ದವಡೆಗೋ ಹರಿಯುವುದು, ತಣ್ಣನೆ ಬೆವರು, ಇವು ಲಕ್ಷಣ. ಹೆಂಗಸರಿಗೆ, ಸಕ್ಕರೆ ಇದ್ದವರಿಗೆ ಬರೀ ದಮ್ಮು, ಸುಸ್ತು ಅಷ್ಟೇ ಇರಬಹುದು. ನೋವು ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಮುಂದಿನ ಚಿಕಿತ್ಸೆಗೆ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ.

ನೋವು ನಿಂತ ಮೇಲೆ ತೆಗೆದ ಇಸಿಜಿ ಸರಿಯಾಗಿಯೇ ಬರಬಹುದು. ಆಗಲೂ ಸುಮ್ನೆ ಎದ್ದು ಬರಬೇಡಿ. ನೋವು ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಏನು ಮಾಡುವಾಗ ಬಂತು, ಎಲ್ಲ ಡಾಕ್ಟರಿಗೆ ಬಿಡಿಸಿ ಹೇಳಿ. ಅದನ್ನು ಕೇಳಿಯೇ ಅವರು ಇಸಿಜಿ ಮತ್ತೆ ತೆಗೆಯಬೇಕೋ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಬೇಕೋ ಎಂದು ನಿರ್ಧರಿಸುವುದು.

ನಮಸ್ಕಾರ.