ಗಡ್ಡಿ ನೆಟ್ಟರೆ ಗಡ್ಡಿ ಬರಲ್ಲ, ಬೀಜ ಹಾಕಿ!

ಎಲ್ಲರಿಗೂ ನಮಸ್ಕಾರ, ಕಲಬುರಗಿಯಿಂದ ನಿಮ್ಮ ಹಿತ್ತಲ ಗೆಳೆಯ. ಇವತ್ತು ಬೀಟ್‌ರೂಟ್ ಬಗ್ಗೆ ಮಾತಾಡಬೇಕಿತ್ತು. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ನಿನ್ನೆ ರಾತ್ರಿ ಒಂದು ಕಮೆಂಟ್ ಓದಿದೆ, ಆಮೇಲೆ ನಿದ್ದೆನೇ ಬರಲಿಲ್ಲ. "ಸರ್, ಅಡುಗೆಮನೆಯಲ್ಲಿ ಮೊಳಕೆ ಬಂದಿದ್ದ ಉಳ್ಳಾಗಡ್ಡಿ ನೆಟ್ಟೆ. ಮೂರು ತಿಂಗಳು ನೀರು ಹಾಕಿದೆ. ಬರೀ ಹೂವು ಬಂತು. ನಮ್ಮ ಎರೆ ಮಣ್ಣಿನಲ್ಲಿ ಏನೂ ಆಗಲ್ಲ ಬಿಡಿ."

ಅಕ್ಕ, ತಪ್ಪು ಮಣ್ಣಿನದಲ್ಲ. ನಿಮ್ಮದೂ ಅಲ್ಲ. ಮೊಳಕೆ ಬಂದದ್ದನ್ನು ಕುಂಡಕ್ಕೆ ಚುಚ್ಚಿ, 30 ಸೆಕೆಂಡಿನ ವಿಡಿಯೊದಲ್ಲಿ ಬುಟ್ಟಿ ತುಂಬ ಉಳ್ಳಾಗಡ್ಡಿ ತೋರಿಸುತ್ತಾರಲ್ಲ, ತಪ್ಪು ಅವರದು.

ಉಳ್ಳಾಗಡ್ಡಿ ಎರಡು ವರ್ಷದ ಗಿಡ. ಮೊದಲ ವರ್ಷ ಊಟ ಕೂಡಿಟ್ಟುಕೊಳ್ಳುತ್ತದೆ. ಆ ಗಂಟೇ ಗಡ್ಡಿ. ಎರಡನೇ ವರ್ಷ ಆ ಗಂಟು ಬಿಚ್ಚಿ ಹೂವು ಬಿಡುತ್ತದೆ, ಬೀಜ ಕಟ್ಟುತ್ತದೆ. ನೀವು ನೆಟ್ಟದ್ದು ಮೊದಲ ವರ್ಷ ಮುಗಿಸಿದ ಗಿಡ. ಅದು ತನ್ನ ಕೆಲಸ ಸರಿಯಾಗೇ ಮಾಡಿದೆ! ಬೀಜ ಬೇಕಾದ ರೈತರು ಬೇಕಂತಲೇ ಗಡ್ಡಿ ನೆಡುತ್ತಾರೆ. ಉಳ್ಳಾಗಡ್ಡಿ ತಿನ್ನಬೇಕಾ? ಬೀಜ ಹಾಕಿ.

ಮೊನ್ನೆ ನಾನೇ ಅಂಥದ್ದೊಂದನ್ನು ಕಿತ್ತು ನೋಡಿದೆ. ಮೇಲೆ ಟೊಳ್ಳು ದಂಟು, ತುದಿಯಲ್ಲಿ ಬಿಳಿ ಚೆಂಡಿನಂಥ ಹೂವು, ತುಂಬ ಜೇನುನೊಣ. ಕೆಳಗೆ ಗಡ್ಡಿ ಎರಡಾಗಿ ಸೀಳಿತ್ತು. ಹೊರಗಿನ ಪದರ ಕಾಗದದ ಹಾಗೆ ಒಣಗಿ, ಒತ್ತಿದರೆ ಒಳಗೆ ಮೆತ್ತಗೆ. ಎಲ್ಲ ದಂಟಿಗೇ ಹೋಗಿತ್ತು.

"ನನಗೆ ಎರಡು ಸಣ್ಣ ಗಡ್ಡಿ ಬಂತಲ್ಲ" ಅಂತ ಒಬ್ಬರು. ಅದು ನೀವು ನೆಟ್ಟದ್ದೇ ಸೀಳಿದ್ದು, ತೂಕ ಹಾಕಿ ನೋಡಿ! "ಬಳ್ಳೊಳ್ಳಿ, ಆಲೂಗಡ್ಡಿ ನೆಟ್ಟರೆ ಬರುತ್ತವಲ್ಲ" ಅಂತ ಇನ್ನೊಬ್ಬರು. ಅಣ್ಣ, ಬಳ್ಳೊಳ್ಳಿಯ ಒಂದೊಂದು ಎಸಳೂ ಒಂದೊಂದು ಮೊಗ್ಗು. ಆಲೂಗಡ್ಡಿ ಉಬ್ಬಿದ ಕಾಂಡ, ಅದರ ಕಣ್ಣಿನಿಂದ ಹೊಸ ಗಿಡ ಬರುತ್ತದೆ. ಆ ಲೆಕ್ಕ ಇಲ್ಲಿ ನಡೆಯಲ್ಲ. ಉಳ್ಳಾಗಡ್ಡಿಗೆ ಬೀಜ!

ಗಜ್ಜರಿಗೂ ಇದೇ ಮಾತು. ತಲೆ ಕತ್ತರಿಸಿ ನೀರಿನ ತಟ್ಟೆಯಲ್ಲಿಟ್ಟರೆ ತಪ್ಪಲು ಚಿಗುರುತ್ತದೆ, ಹೊಸ ಗಜ್ಜರಿ ಬರಲ್ಲ. ಮೂಲಂಗಿಯೂ ಹಾಗೇ. ಮೂಲಂಗಿ ಬೀಜ ಹಾಕಿದರೆ 45 ದಿನದೊಳಗೆ ತಟ್ಟೆಗೆ ಬರುತ್ತೆ, ಅಷ್ಟಕ್ಕೂ ತಾಳ್ಮೆ ಇಲ್ವಾ? ಗಜ್ಜರಿ ಬೀಜವನ್ನು ನೇರವಾಗಿ ಮಡಿಗೇ ಹಾಕಿ. ಸಸಿ ಕಿತ್ತು ನೆಟ್ಟರೆ ಬೇರು ಕವಲೊಡೆಯುತ್ತದೆ. ಹಸಿ ಸಗಣಿ ಗೊಬ್ಬರ ಹಾಕಿದರೂ ಅಷ್ಟೇ. ದಸರಾ ಹೊತ್ತಿಗೆ ಹಾಕಿದರೆ ಎಳ್ಳಮಾವಾಸ್ಯೆಯ ಕಾಳು-ತರಕಾರಿ ಭಜ್ಜಿಗೆ ನಿಮ್ಮ ಹಿತ್ತಲಿನ ಗಜ್ಜರಿ! ಸಜ್ಜಿ ರೊಟ್ಟಿ ಜೊತೆ ಆ ರುಚಿ ಬೇರೆನೇ ಅಲ್ವಾ?

ಇನ್ನು ಎರೆ ಮಣ್ಣಿನ ಮಾತು. ಹಸಿಯಿದ್ದರೆ ಕಾಲಿಗೆ ಅಂಟುತ್ತದೆ, ಒಣಗಿದರೆ ಕಲ್ಲು, ಹೌದು. ಅದಕ್ಕೇ ಗೇಣೆತ್ತರ ಮಡಿ ಏರಿಸಿ. ಮರಳು, ಚೆನ್ನಾಗಿ ಕೊಳೆತ ತಿಪ್ಪೆ ಗೊಬ್ಬರ ಬೆರೆಸಿ. ಬೀದರಿನವರೇ, ನಿಮ್ಮ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುತ್ತದೆ, ನೀವು ಗೊಬ್ಬರ ಸ್ವಲ್ಪ ಜಾಸ್ತಿ ಹಾಕಿ. ಉಳ್ಳಾಗಡ್ಡಿ ಸಸಿ ಆರೇಳು ವಾರದ್ದಾದ ಮೇಲೆ 10 ಸೆಂಟಿಮೀಟರ್‌ಗೊಂದು ನೆಡಿ. ಗಡ್ಡಿ ಬಲಿತು ಎಲೆ ತಾನಾಗೇ ಬಾಗಿ ಬಿದ್ದರೆ ನೀರು ನಿಲ್ಲಿಸಿ. ಈ ಮಡಿ ಮಾಡುವುದನ್ನು ಪೂರ್ತಿ ತೋರಿಸಿದ ವಿಡಿಯೊ ಇದೇ ಚಾನೆಲ್‌ನಲ್ಲಿದೆ, ನೋಡಿ. ಸಬ್‌ಸ್ಕ್ರೈಬ್ ಮಾಡದವರು ಈಗಲೇ ಮಾಡಿ, ಮನೆಯವರಿಗೂ ಕಳಿಸಿ.

ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ನಿಕೇತನ, ಅರ್ಕಾ ಕಲ್ಯಾಣ ಅಂತ ಉಳ್ಳಾಗಡ್ಡಿ ತಳಿ ಮಾಡಿಕೊಟ್ಟಿದ್ದಾರೆ. ಅಷ್ಟು ಜನ ಅಷ್ಟು ವರ್ಷ ದುಡಿದದ್ದು ಬೀಜಕ್ಕಾಗಿ, ಮೊಳಕೆ ಬಂದ ಗಡ್ಡಿಗಲ್ಲ! ಆ ಮೊಳಕೆಯನ್ನು ಬೇಕಾದರೆ ನೆಡಿ, ತಪ್ಪಲು ಕೊಯ್ದು ಪಲ್ಯ ಮಾಡಿ. ಗಡ್ಡಿ ಮಾತ್ರ ಕೇಳಬೇಡಿ.

ಇನ್ನೊಮ್ಮೆ ಹೇಳುತ್ತೇನೆ. ಬೀಜ. ಯಾರು ಏನೇ ತೋರಿಸಲಿ, ಬೀಜ! ಹಳೆಯದು ಬೇಡ, ಉಳ್ಳಾಗಡ್ಡಿ ಬೀಜ ವರ್ಷ ಕಳೆದರೆ ಸರಿಯಾಗಿ ಹುಟ್ಟಲ್ಲ. ನನಗೂ ಒಂದು ಅಂಗಡಿಯಲ್ಲಿ ಹಳೇ ಪ್ಯಾಕೆಟ್ ಕೊಟ್ಟಿದ್ದರು, ಒಂದು ಹಬ್ಬದ ಬೆಳೆ ಹೋಯ್ತು. ಪ್ಯಾಕೆಟ್ ಹಿಂದಿನ ತಾರೀಕು ಓದಿ ತಗೊಳ್ಳಿ.

ಕಮೆಂಟ್ ಹಾಕಿದ ಅಕ್ಕ, ಆ ಕುಂಡ ಬಿಸಾಡಬೇಡಿ. ಹೂವು ಒಣಗಲಿ. ಕರೀ ಬೀಜ ಕಂಡ ತಕ್ಷಣ ಒಂದು ಬಟ್ಟೆ ಮೇಲೆ ಉದುರಿಸಿಕೊಳ್ಳಿ. ಮುಂದಿನ ದಸರಾಗೆ ಅದನ್ನೇ ಹಾಕಿ, ಸಸಿ ಎದ್ದ ದಿನ ನನಗೆ ಫೋಟೊ ಕಳಿಸಿ.