ಸಿಗದ ಚಿಪ್ಸ್‌ಗೆ ರುಚಿ ಜಾಸ್ತಿ

ಕೇಳುಗರಿಗೆ ನಮಸ್ಕಾರ.

2020ರ ಮೇ ತಿಂಗಳು. ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ಒಬ್ಬ ಗಿರಾಕಿ ಸ್ಟಾರ್‌ಬಕ್ಸ್ ಅಂಗಡಿಗೆ ಬಂದು ಒಂದೇ ಸಲಕ್ಕೆ 300 ಕಾಫಿಗೆ ದುಡ್ಡು ಕೊಟ್ಟರು. ಒಂದು ಲೋಟ ಕುಡಿದರು. 17 ಬ್ಯಾಗ್ ಎತ್ತಿಕೊಂಡು ಹೊರಟೇ ಹೋದರು. 17 ಪಾನೀಯ ಕೊಂಡರೆ ಒಂದು ಬ್ಯಾಗ್ ಪುಕ್ಕಟೆ ಅನ್ನುವುದು ಆ ಬೇಸಿಗೆಯ ಸ್ಕೀಮು. ಲೆಕ್ಕ ಹಾಕಿ ನೋಡಿ, 17 ಬ್ಯಾಗ್‌ಗೆ 289 ಕಾಫಿ ಸಾಕಿತ್ತು. ಕೈ ಸ್ವಲ್ಪ ಧಾರಾಳ ಅಂತ ಕಾಣುತ್ತದೆ!

ಕಾಫಿ ಬೇಡ, ಬ್ಯಾಗ್ ಬೇಕು. ಯಾಕೆ? ಬ್ಯಾಗ್ ಮುಗಿದುಹೋಗುತ್ತದೆ, ಅದಕ್ಕೆ. ಅಂಗಡಿ ಬಾಗಿಲು ತೆಗೆಯುತ್ತಿದ್ದಂತೆ ಒಳಗೆ ಓಡುವುದಕ್ಕೆ ಅಲ್ಲಿನವರು 'ಓಪನ್ ರನ್' ಅಂತಲೇ ಹೆಸರಿಟ್ಟಿದ್ದಾರೆ. ಬೇಕಂತಲೇ ಕಡಿಮೆ ಮಾಲು ಬಿಟ್ಟು ಆಸೆ ಹುಟ್ಟಿಸುವುದಕ್ಕೂ ಹೆಸರಿದೆ, 'ಹಂಗರ್ ಮಾರ್ಕೆಟಿಂಗ್'.

2022ರ ಫೆಬ್ರವರಿಯಲ್ಲಿ ಅಲ್ಲಿ ಪೋಕೆಮಾನ್ ಅನ್ನುವ ಕಾರ್ಟೂನಿನ ಹೆಸರಿನ ಬ್ರೆಡ್ ಮತ್ತೆ ಬಂತು. ಬ್ರೆಡ್ ಅಂದರೆ ಸಾಧಾರಣ ಬನ್ನು, ಆಗಿನ ಬೆಲೆ 1,500 ವೋನ್. ವಿಷಯ ಇರುವುದು ಒಳಗಿನ ಸ್ಟಿಕ್ಕರ್‌ನಲ್ಲಿ. ಒಟ್ಟು 159 ಬಗೆ, ಯಾವುದು ಸಿಗುತ್ತದೋ ಒಡೆಯುವ ತನಕ ಗೊತ್ತಾಗುವುದಿಲ್ಲ. ಇದೇ ಬ್ರೆಡ್ ಮೊದಲು ಬಂದಿದ್ದು 1998ರ ಹೊತ್ತಿಗೆ. ಆಗ ಸ್ಟಿಕ್ಕರ್ ಅಂಟಿಸುತ್ತಿದ್ದ ಮಕ್ಕಳು ಈಗ ಸಂಬಳ ಎಣಿಸುವವರು. ಆಫೀಸು ಮುಗಿಸಿ ಬಂದು, ಮಾಲು ತರುವ ಲಾರಿ ಎಷ್ಟೊತ್ತಿಗೆ ಬರುತ್ತದೆ ಅಂತ ಅಂಗಡಿಯ ಮುಂದೆ ಕಾದರು. ಗಿರಾಕಿಗಳಿಗೆ ಉತ್ತರ ಹೇಳಿ ಹೇಳಿ ಸಾಕಾಗಿ, ಎಷ್ಟೋ ಅಂಗಡಿಯವರು 'ಪೋಕೆಮಾನ್ ಬ್ರೆಡ್ ಇಲ್ಲ' ಅಂತ ಬಾಗಿಲಿಗೆ ಚೀಟಿ ಅಂಟಿಸಿಬಿಟ್ಟರು. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ. ಕಂಪನಿಗೆ ಬಿಡಿಗಾಸಿನ ಖರ್ಚೂ ಇಲ್ಲ.

ಸಿಯೋಲ್‌ನ ಸೊಂಗ್ಸು ಬಡಾವಣೆಯದು ಇನ್ನೊಂದು ದಾರಿ. ಚಪ್ಪಲಿ, ಬೂಟು ಹೊಲಿಯುವ ಕಾರ್ಖಾನೆಗಳಿದ್ದ ಹಳೇ ಜಾಗ ಅದು. ಈಗ ಗೋದಾಮುಗಳನ್ನು ಕೆಲವು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು ಹೊಸ ಸಾಬೂನು, ಹೊಸ ಬಿಯರ್, ಹೊಸ ಲಿಪ್‌ಸ್ಟಿಕ್ ತೋರಿಸುತ್ತಾರೆ. 'ಪಾಪ್‌ಅಪ್' ಅಂಗಡಿಗಳು. ಕೊಳ್ಳದಿದ್ದರೂ ಪರವಾಗಿಲ್ಲ, ಫೋಟೋ ತೆಗೆದು ಹಾಕಿದರೆ ಸಾಕು. ಜಾತ್ರೆ ಮುಗಿದ ಹಾಗೆ ಅಂಗಡಿ ಎದ್ದುಹೋಗುತ್ತದೆ, ಮರುವಾರ ಅಲ್ಲೇ ಇನ್ನೊಬ್ಬರದು.

ಕೊರಿಯಾದ ಗಿರಾಕಿ ಸುಮ್ನೆ ನಂಬುವವರೂ ಅಲ್ಲ. ದುಡ್ಡು ಇಸ್ಕೊಂಡು, ಅದನ್ನು ಮುಚ್ಚಿಟ್ಟು ಮಾಲನ್ನು ಹೊಗಳಿದ ಯೂಟ್ಯೂಬಿನವರ ಮೇಲೆ 2020ರಲ್ಲಿ ಜನ ತಿರುಗಿಬಿದ್ದರು. ಈಗ ಮಾತಿಗೆ ಮೊದಲೇ 'ನೇದೊನ್‌ನೇಸಾನ್' ಅನ್ನುತ್ತಾರೆ. ನನ್ನ ದುಡ್ಡು, ನಾನೇ ಕೊಂಡಿದ್ದು ಅಂತ ಅರ್ಥ. ಆ ಮಾತಿಗೂ ಈಗ ಮಾರ್ಕೆಟ್ ಇದೆ ಅನ್ನಿ!

ಈ ಕೊರತೆಯ ಆಟದಲ್ಲಿ ಕಂಪನಿಯೇ ಸಿಕ್ಕಿಹಾಕಿಕೊಳ್ಳುವುದೂ ಉಂಟು. 2014ರ ಆಗಸ್ಟ್‌ನಲ್ಲಿ ಹೈತೈ ಕಂಪನಿ ಹನಿ ಬಟರ್ ಚಿಪ್ ಬಿಟ್ಟಿತು. ಉಪ್ಪು ಖಾರದ ಚಿಪ್ಸ್ ತಿಂದ ನಾಲಿಗೆಗೆ ಜೇನು ಬೆಣ್ಣೆಯ ಸಿಹಿ. ಕೆಲವೇ ತಿಂಗಳಲ್ಲಿ ಎಲ್ಲೂ ಇಲ್ಲ. ಕೆಲವು ಅಂಗಡಿಯವರು ಬಿಯರ್ ಜೊತೆ ಟೇಪು ಸುತ್ತಿ, ಎರಡೂ ತಗೊಂಡರೆ ಮಾತ್ರ ಕೊಡ್ತೀವಿ ಅಂದರು. ಆನ್‌ಲೈನ್‌ನಲ್ಲಿ ಹಲವು ಪಟ್ಟು ಬೆಲೆಗೆ ಮಾರಾಟ. ಬೇಕಂತಲೇ ಕಡಿಮೆ ಮಾಡ್ತಿದ್ದಾರೆ ಅಂತ ಜನ ದೂರಿದರು. ಕಂಪನಿ ಅಲ್ಲವೇ ಅಲ್ಲ ಅಂದಿತು, ಕಾರ್ಖಾನೆ ಹಗಲೂ ರಾತ್ರಿ ನಡೆಯುತ್ತಿದೆ ಅಂದಿತು.

ಆದರೆ ಹೆಚ್ಚು ಮಾಡುವುದಕ್ಕೆ ಧೈರ್ಯ ಎಲ್ಲಿಂದ ಬರಬೇಕು? ಮೂರೇ ವರ್ಷದ ಹಿಂದೆ, 2011ರಲ್ಲಿ, ಕೊಕ್ಕೊಮ್ಯೊನ್ ಅನ್ನುವ ನೂಡಲ್ಸ್ ಬಂದಿತ್ತು. ಟಿವಿಯ ಅಡುಗೆ ಸ್ಪರ್ಧೆಯಲ್ಲಿ ಹಾಸ್ಯನಟ ಲೀ ಕ್ಯೊಂಗ್‌ಗ್ಯು ಮಾಡಿದ ರೆಸಿಪಿ. ಕೆಂಪಗಿರುವ ಸಾರಿನ ಬದಲು ಬಿಳಿ ಕೋಳಿ ಸಾರು. ದೇಶಕ್ಕೆ ದೇಶವೇ ಮುಗಿಬಿತ್ತು. ಆ ನೂಡಲ್ಸ್ ಕಂಪನಿ ಉತ್ಪಾದನೆ ಹೆಚ್ಚಿಸಲು ಹಣ ಸುರಿಯಿತು. ಅಷ್ಟರಲ್ಲಿ ಜನ ಕೆಂಪು ಸಾರಿಗೆ ವಾಪಸ್.

ಹನಿ ಬಟರ್ ಚಿಪ್‌ಗೆ 2016ರಲ್ಲಿ ಎರಡನೇ ಕಾರ್ಖಾನೆ ಬಂತು. ಪೊಟ್ಟಣ ಎಲ್ಲೆಡೆ ಸಿಗತೊಡಗಿತು. ಮುಳುಗಲಿಲ್ಲ, ಈಗಲೂ ಮಾರಾಟವಾಗುತ್ತದೆ. ಆದರೆ ಟೇಪು ಸುತ್ತಿದ ಬಿಯರ್ ಬಾಟಲಿಯನ್ನು ಈಗ ಯಾರೂ ಅದರ ಜೊತೆ ಇಡುವುದಿಲ್ಲ.

ನಮಸ್ಕಾರ.